ಪಹಣಿಗೆ 15 ರೂಪಾಯಿ, ಫೈಲಿಗೆ 17 ಕೋಟಿ ಡಾಲರ್

"ಸರ್ವರ್ ಡೌನ್ ಇದೆ, ನಾಳೆ ಬನ್ನಿ."

ಕರ್ನಾಟಕದಲ್ಲಿ ಈ ಮಾತು ಕೇಳದವರು ಯಾರಾದರೂ ಇದ್ದಾರಾ? ನಾಡಕಚೇರಿಯಲ್ಲಿ ಕೇಳಿದ್ದೀರಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳಿದ್ದೀರಿ. ರೇಷನ್ ಅಂಗಡಿ ಮುಂದೆ ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾದ ಅಜ್ಜಿ ಕೇಳಿದ್ದಾಳೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಇಡೀ ರಾಜ್ಯವೇ ಕೇಳಿತು. ನಾವು ಟಿವಿಯವರು ಏನು ಮಾಡಿದೆವು? ಕ್ಯೂ ತೋರಿಸಿದೆವು. ಬಿಸಿಲಲ್ಲಿ ನಿಂತ ಹೆಂಗಸರ ಬೈಟ್ ತಗೊಂಡೆವು. ನಾನು ಸ್ಟುಡಿಯೋದ ಎಸಿಯಲ್ಲಿ ಕೂತು ಕೂಗಾಡಿದೆ. ಮಾರನೇ ದಿನ ಬೇರೆ ಸುದ್ದಿ.

ಇದು ನಮ್ಮ ರಾಜ್ಯದ ಕಥೆ ಮಾತ್ರ ಅಲ್ಲ. 2021ರ ಜೂನ್ 7ರಂದು ಆದಾಯ ತೆರಿಗೆ ಇಲಾಖೆಯ ಹೊಸ ಪೋರ್ಟಲ್ ಬಂತು. ಆ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದ ಮೊತ್ತ 4,200 ಕೋಟಿ ರೂಪಾಯಿಗೂ ಹೆಚ್ಚು. ಕಟ್ಟಿದ್ದು ನಮ್ಮ ಬೆಂಗಳೂರಿನ ಇನ್ಫೋಸಿಸ್. ಮೊದಲ ದಿನದಿಂದಲೇ ದೂರು. ಆಗಸ್ಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕಂಪನಿಯ ಸಿಇಒ ಅವರನ್ನೇ ಕರೆಸಿ ವಿವರಣೆ ಕೇಳಬೇಕಾಯಿತು. ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನ ಡಿಸೆಂಬರ್ 31ರವರೆಗೆ ಮುಂದಕ್ಕೆ ಹೋಯಿತು.

ಆಗೆಲ್ಲ ವೀಕ್ಷಕರು ನನಗೆ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಸಾರ್, ನಮ್ಮ ಹುಡುಗರು ಇಡೀ ಪ್ರಪಂಚಕ್ಕೆ ಸಾಫ್ಟ್‌ವೇರ್ ಬರೀತಾರೆ. ನಮ್ಮ ಸರ್ಕಾರದ್ದು ಮಾತ್ರ ಯಾಕೆ ಓಡಲ್ಲ?"

ಒಳ್ಳೆಯ ಪ್ರಶ್ನೆ. ಇದಕ್ಕೆ ನಮ್ಮ ಪ್ಯಾನೆಲ್‌ಗಳಲ್ಲಿ ಸಿಗುವ ಉತ್ತರ ಎರಡು. ಒಂದು, ಕಂಪನಿ ಸರಿಯಿಲ್ಲ. ಇನ್ನೊಂದು, ಅಧಿಕಾರಿಗಳು ದುಡ್ಡು ತಿಂದರು. ಎರಡೂ ಕೆಲವು ಸಲ ನಿಜ ಇರಬಹುದು. ಆದರೆ ನಾನು ಇಪ್ಪತ್ತೈದು ವರ್ಷದ ಹಿಂದಿನ ಎರಡು ಕಥೆ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಸರ್ವರ್ ಡೌನ್ ಆಗೋದು ನೀವು ಕ್ಯೂನಲ್ಲಿ ನಿಂತ ದಿನ ಅಲ್ಲ ಸ್ವಾಮಿ. ಅದಕ್ಕೆ ಎಷ್ಟೋ ವರ್ಷ ಮೊದಲು, ಯಾವುದೋ ಕಚೇರಿಯಲ್ಲಿ ಏನನ್ನು ಕೊಳ್ಳಬೇಕು, ಏನನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು, ದುಡ್ಡು ಯಾವಾಗ ಕೊಡಬೇಕು ಅಂತ ಬರೆದ ದಿನವೇ ಅದು ತೀರ್ಮಾನ ಆಗಿರುತ್ತದೆ.

ಎರಡು ಕಥೆಗಳಲ್ಲಿ ಒಂದು ನಮ್ಮದೇ, ಕರ್ನಾಟಕದ ಕಂದಾಯ ಇಲಾಖೆಯದು. ಇನ್ನೊಂದು ಅಮೆರಿಕದ ಎಫ್‌ಬಿಐದು. ಎರಡೂ ನಡೆದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಒಬ್ಬರ ಹತ್ತಿರ ಸುಮಾರು 18 ಕೋಟಿ ರೂಪಾಯಿ. ಇನ್ನೊಬ್ಬರ ಹತ್ತಿರ ಅಮೆರಿಕದ ಖಜಾನೆ.

ಮೊದಲು ನಮ್ಮ ಮನೆಯ ಕಥೆ.

ಪಹಣಿ ಅಂದರೆ ಏನು ಅಂತ ರೈತನಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿ ಬೆಳೆದವರಿಗಾಗಿ ಹೇಳುತ್ತೇನೆ. ಸರ್ವೆ ನಂಬರ್ ಯಾವುದು, ಯಾರ ಹೆಸರಲ್ಲಿದೆ, ಎಷ್ಟು ಎಕರೆ ಎಷ್ಟು ಗುಂಟೆ, ಏನು ಬೆಳೆ, ಮೇಲೆ ಸಾಲ ಇದೆಯಾ, ಇಷ್ಟೂ ಇರುವ ಕಾಗದ. ಆರ್‌ಟಿಸಿ ಅಂತಲೂ ಕರೆಯುತ್ತಾರೆ. ಬೆಳೆ ಸಾಲ ಬೇಕಾ, ಪಹಣಿ ತಾ. ಕೋರ್ಟಿನಲ್ಲಿ ಯಾರಿಗಾದರೂ ಜಾಮೀನು ನಿಲ್ಲಬೇಕಾ, ಪಹಣಿ ತಾ. ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಬೇಕಾ, ಪಹಣಿ.

ಇದೆಲ್ಲ ಇದ್ದದ್ದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಒಟ್ಟು ಸುಮಾರು 2 ಕೋಟಿ ಪಹಣಿ, 67 ಲಕ್ಷ ಭೂಮಾಲೀಕರು. ಪುಸ್ತಕ ಲೆಕ್ಕಿಗರ ಮನೆಯಲ್ಲಿ, ಲೆಕ್ಕಿಗರು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ! ಸಿಕ್ಕರೂ ಕೈ ಬಿಸಿ ಆಗದೆ ಪೆನ್ನು ಓಡುತ್ತಿರಲಿಲ್ಲ. ಎಲ್ಲರೂ ಹಾಗಿದ್ದರು ಅಂತ ಅಲ್ಲ, ಪ್ರಾಮಾಣಿಕರೂ ಇದ್ದರು. ಆದರೆ ಪುಸ್ತಕ ಒಬ್ಬರ ಕಂಕುಳಲ್ಲಿ ಇರುವಾಗ ಅವರ ಮರ್ಜಿ ಕಾಯಲೇಬೇಕಲ್ಲ?

ಇದನ್ನು ಕಂಪ್ಯೂಟರಿಗೆ ಹಾಕಬೇಕು ಅನ್ನುವ ಯೋಚನೆ 2000ನೇ ಇಸವಿಯದಲ್ಲ. ಕೇಂದ್ರದ ಯೋಜನೆಯಲ್ಲಿ ಕರ್ನಾಟಕಕ್ಕೆ ಮೊದಲ ಪ್ರಯೋಗ ಸಿಕ್ಕಿದ್ದು 1991ರಲ್ಲಿ, ಆಗಿನ ಗುಲ್ಬರ್ಗ ಜಿಲ್ಲೆಗೆ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ದುಡ್ಡು ಬಂತು, ಕಂಪ್ಯೂಟರ್ ಬಂತು. ಏನೂ ಆಗಲಿಲ್ಲ. ಯಾಕೆ ಗೊತ್ತಾ? ಕಂಪ್ಯೂಟರ್ ಕೊಂಡದ್ದು ಜಿಲ್ಲಾ ಕೇಂದ್ರಕ್ಕೆ. ಆದರೆ ಜಮೀನು ಮಾರಿದರೆ, ಅಪ್ಪ ತೀರಿಕೊಂಡು ಮಗನ ಹೆಸರಿಗೆ ಖಾತೆ ಬದಲಾದರೆ, ಅದನ್ನು ತಿದ್ದುವುದು ತಾಲ್ಲೂಕಿನಲ್ಲಿ. ತಾಲ್ಲೂಕಿಗೆ ಕಂಪ್ಯೂಟರ್ ಕೊಳ್ಳಲು ಆ ಯೋಜನೆಯಲ್ಲಿ ಜಾಗವೇ ಇರಲಿಲ್ಲ. ಜಿಲ್ಲೆಯಲ್ಲಿ ಟೈಪ್ ಮಾಡಿದ ಪಹಣಿ, ಟೈಪ್ ಮಾಡಿ ಮುಗಿಸುವಷ್ಟರಲ್ಲೇ ಹಳೇದಾಗುತ್ತಿತ್ತು. ಇಲ್ಲಿ ಯಾರೂ ದುಡ್ಡು ತಿನ್ನಬೇಕಾಗಿರಲಿಲ್ಲ. ಕಂಪನಿಗಳು ಮೋಸ ಮಾಡಬೇಕಾಗಿರಲಿಲ್ಲ. ಪೆಟ್ಟಿಗೆಯನ್ನು ಯಾವ ಊರಿಗೆ ಕೊಳ್ಳಬೇಕು ಅನ್ನುವುದೇ ತಪ್ಪಾಗಿತ್ತು, ಅಷ್ಟೇ.

ಆಮೇಲೆ ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ ಬಂದದ್ದು 'ಭೂಮಿ'. ಕಂದಾಯ ಇಲಾಖೆಯಲ್ಲಿ ಇದರ ಹೊಣೆ ಹೊತ್ತವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಈ ಯೋಜನೆಗೆ ಸಿಕ್ಕ ಪ್ರಶಸ್ತಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಆಸಕ್ತಿ ಇರುವುದು ಅವರು ಕೊಂಡ ರೀತಿಯಲ್ಲಿ.

ಸಾಫ್ಟ್‌ವೇರ್ ಅನ್ನು ಹೊರಗೆ ಕೊಳ್ಳಲೇ ಇಲ್ಲ. ಸರ್ಕಾರದ್ದೇ ಆದ ಎನ್‌ಐಸಿಯ ಬೆಂಗಳೂರು ಘಟಕ ಬರೆಯಿತು. ಖಾತೆ ಬದಲಾವಣೆ ಅಂದರೆ ಏನು, ಮೂವತ್ತು ದಿನದ ನೋಟಿಸ್ ಯಾಕೆ, ಶಿರಸ್ತೇದಾರ್ ಎಲ್ಲಿ ಸಹಿ ಹಾಕುತ್ತಾರೆ, ಇದೆಲ್ಲ ಇಲಾಖೆಯವರಿಗೆ ಗೊತ್ತಿತ್ತು. ಬರೆಯುವವರು ಕೂಗಳತೆಯಲ್ಲೇ ಇದ್ದರು. ತಿದ್ದಬೇಕು ಅನ್ನಿಸಿದರೆ ಹೊಸ ಟೆಂಡರ್ ಬೇಕಿರಲಿಲ್ಲ.

ಹೊರಗಿನವರಿಗೆ ಕೊಟ್ಟದ್ದು ಟೈಪಿಂಗ್ ಕೆಲಸ. 2 ಕೋಟಿ ಪಹಣಿ ಟೈಪ್ ಮಾಡಲು ಸರ್ಕಾರಿ ನೌಕರರು ಸಾಲುವುದಿಲ್ಲ, ಅದಕ್ಕೆ ಖಾಸಗಿ ಏಜೆನ್ಸಿಗಳು. ಆದರೆ ಪುಸ್ತಕ ಹೊರಗೆ ಹೋಗುವ ಹಾಗಿಲ್ಲ, ನೀವೇ ತಾಲ್ಲೂಕು ಕಚೇರಿಗೆ ಬಂದು ಟೈಪ್ ಮಾಡಿ ಅಂದರು. ಟೈಪ್ ಆದದ್ದನ್ನು ಪ್ರಿಂಟ್ ತೆಗೆದು ಅದೇ ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು, ಮೂಲ ಪುಸ್ತಕದ ಜೊತೆ ಹೋಲಿಸಿ ತಪ್ಪು ಹುಡುಕಿಸಿದರು. ಟೈಪಿಂಗಿಗೆ ಆದ ಖರ್ಚು ಸುಮಾರು 8 ಕೋಟಿ ರೂಪಾಯಿ. ಲೆಕ್ಕ ಹಾಕಿ, ಒಂದು ಪಹಣಿಗೆ 4 ರೂಪಾಯಿ. ಇಡೀ ಯೋಜನೆಯದು ಸುಮಾರು 18.5 ಕೋಟಿ. ಇವತ್ತು ಆ ದುಡ್ಡಿಗೆ ಬೆಂಗಳೂರಿನಲ್ಲಿ ಒಂದು ಬಂಗಲೆ ಬರಬಹುದು, ಅದೂ ಒಳ್ಳೆಯ ಏರಿಯಾದಲ್ಲಾದರೆ ಅನುಮಾನ.

ಇನ್ನೊಂದು ವಿಷಯ. ಒಂದೇ ದಿನ ಇಡೀ ರಾಜ್ಯಕ್ಕೆ ಗುಂಡಿ ಒತ್ತಲಿಲ್ಲ. ಮೊದಲು ಮದ್ದೂರಿನಂಥ ಕೆಲವೇ ತಾಲ್ಲೂಕುಗಳಲ್ಲಿ ಓಡಿಸಿ ನೋಡಿದರು. ಎಡವಿದ್ದನ್ನು ಸರಿ ಮಾಡಿಕೊಂಡು ಮುಂದಿನ ತಾಲ್ಲೂಕಿಗೆ ಹೋದರು. 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ ಕೌಂಟರ್ ತೆರೆದಿತ್ತು. ಒಂದೊಂದು ತಾಲ್ಲೂಕು ಆನ್‌ಲೈನ್ ಆದಾಗಲೂ ಅಲ್ಲಿ ಕೈಬರಹದ ಪಹಣಿ ಇನ್ನು ಮುಂದೆ ಕಾನೂನು ಪ್ರಕಾರ ನಡೆಯುವುದಿಲ್ಲ ಅಂತ ಅಧಿಸೂಚನೆ. ಇದು ಬಹಳ ಗಟ್ಟಿ ನಿರ್ಧಾರ ಸ್ವಾಮಿ. ಹಳೇದನ್ನೂ ಇಟ್ಟುಕೊಂಡು ಹೊಸದನ್ನೂ ನಡೆಸಿದ್ದರೆ ಹೊಸದು ಮೂಲೆ ಸೇರುತ್ತಿತ್ತು. ನಮ್ಮ ಎಷ್ಟೋ ಕಚೇರಿಗಳಲ್ಲಿ ಕಂಪ್ಯೂಟರ್ ಮೇಲೆ ಹೂವಿನ ಹಾರ ಇರುತ್ತಲ್ಲ, ಆಯುಧಪೂಜೆಯದ್ದು, ಮುಂದಿನ ಆಯುಧಪೂಜೆವರೆಗೂ. ಹಾಗೆ.

ಕೆಲಸ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು. ನಾಳೆ "ನಾನು ಮಾಡಿಲ್ಲ ಸಾರ್, ಯಾರೋ ನನ್ನ ಪಾಸ್‌ವರ್ಡ್ ಕದ್ದರು" ಅನ್ನುವ ಹಾಗಿಲ್ಲ. ಖಾತೆ ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ಮುಂದಕ್ಕೆ ಹೋಗಬೇಕು, ಗೌಡರ ಅರ್ಜಿ ಮೊದಲು, ಮಾದನ ಅರ್ಜಿ ಆಮೇಲೆ ಅನ್ನುವಂತಿಲ್ಲ. ನನಗೆ ಬಹಳ ಇಷ್ಟವಾದದ್ದು ಎರಡನೇ ಸ್ಕ್ರೀನ್. ಕೌಂಟರಿನಲ್ಲಿ ಒಂದು ಮಾನಿಟರ್ ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ಅವನು ಟೈಪ್ ಮಾಡೋದನ್ನೆಲ್ಲ ಇವನು ನೋಡಬಹುದು. ಒಂದು ಮಾನಿಟರ್ ಹೆಚ್ಚಿಗೆ ಕೊಂಡರಾಯಿತು, ಅಷ್ಟೇ ಖರ್ಚು.

ಪಹಣಿಗೆ ಶುಲ್ಕ 15 ರೂಪಾಯಿ. ಮೊದಲಿನದಕ್ಕಿಂತ ಜಾಸ್ತಿ ಅಂತ ಆಗ ಗೊಣಗಿದವರಿದ್ದರು. ಆದರೆ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಅಧ್ಯಯನದಲ್ಲಿ ಹಳೇ ಪದ್ಧತಿಯಲ್ಲಿ ಲಂಚ ಕೊಟ್ಟೆವು ಅಂದವರು ಮೂರರಲ್ಲಿ ಎರಡು ಪಾಲು, ಭೂಮಿ ಕೌಂಟರಿನಲ್ಲಿ ಕೊಟ್ಟೆವು ಅಂದವರು ಶೇಕಡಾ 3.

ಭೂಮಿಯಿಂದ ರಾಮರಾಜ್ಯ ಬಂತು ಅಂತ ನಾನು ಹೇಳುತ್ತಿಲ್ಲ. ಪಹಣಿ ಕೊಡುವಲ್ಲಿ ಲಂಚ ನಿಂತರೂ ಖಾತೆ ಬದಲಾವಣೆಯ ಮೇಜಿನ ಕೆಳಗೆ ಕೈ ಚಾಚುವುದು ನಿಲ್ಲಲಿಲ್ಲ, ಅದು ನಿಮಗೂ ಗೊತ್ತು. ಬೆಂಗಳೂರಿನ ಸುತ್ತಮುತ್ತ ಭೂಮಿಯ ಲೆಕ್ಕ ಒಂದೇ ಕಡೆ ಸಿಗುವಂತಾದದ್ದು ರೈತನಿಗಿಂತ ದೊಡ್ಡ ಕುಳಗಳಿಗೇ ಅನುಕೂಲವಾಯಿತು ಅಂತ 2007ರಲ್ಲಿ ಸಂಶೋಧಕರು ಬರೆದರು. ಆ ಟೀಕೆಯಲ್ಲಿ ಹುರುಳಿದೆ. ಪುಸ್ತಕದಲ್ಲೇ ತಪ್ಪಿದ್ದರೆ ಕಂಪ್ಯೂಟರ್ ಆ ತಪ್ಪನ್ನೇ ಅಂದವಾಗಿ ಪ್ರಿಂಟ್ ಮಾಡುತ್ತದೆ. ಆದರೂ ಕೊಂಡ ಸಾಮಾನು ಓಡಿತು. ಅದು ಸಣ್ಣ ಮಾತಲ್ಲ. ಯಾಕೆ ಸಣ್ಣ ಮಾತಲ್ಲ ಅಂತ ಗೊತ್ತಾಗಬೇಕಾದರೆ ಈಗ ನಾವು ವಾಷಿಂಗ್ಟನ್ನಿಗೆ ಹೋಗಬೇಕು.

2001. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಹುಡುಗರು ಪಹಣಿ ಟೈಪ್ ಮಾಡುತ್ತಿದ್ದ ವರ್ಷ. ಎಫ್‌ಬಿಐ ಅಂದರೆ ಹಾಲಿವುಡ್ ಸಿನಿಮಾದಲ್ಲಿ ಕರಿ ಕನ್ನಡಕ ಹಾಕಿಕೊಂಡು ಬರುತ್ತಾರಲ್ಲ, ಆ ಎಫ್‌ಬಿಐ. ಅವರ ಫೈಲುಗಳು ಎಲ್ಲಿದ್ದವು ಗೊತ್ತಾ? ಕಾಗದದಲ್ಲಿ! 1995ರಲ್ಲಿ ತಂದ ಒಂದು ಕಂಪ್ಯೂಟರ್ ವ್ಯವಸ್ಥೆ ಇತ್ತು, ಕಪ್ಪು ಪರದೆ ಮೇಲೆ ಹಸಿರು ಅಕ್ಷರದ್ದು. ಏಜೆಂಟರು ಅದನ್ನು ಬಳಸಲು ಬೇಸರಪಟ್ಟು ಕಾಗದವನ್ನೇ ನಂಬಿದ್ದರು.

ಆ ವರ್ಷ ಅವರ ಮಾನ ಎರಡು ಸಲ ಹೋಯಿತು. ಒಕ್ಲಹೋಮಾ ಬಾಂಬ್ ಸ್ಫೋಟದ ಅಪರಾಧಿ ಟಿಮೊತಿ ಮೆಕ್‌ವೇಯನ್ನು ಮೇ 16ರಂದು ಮರಣದಂಡನೆಗೆ ಗುರಿಪಡಿಸಬೇಕಿತ್ತು. ಕೆಲವೇ ದಿನ ಮೊದಲು ಎಫ್‌ಬಿಐ ಬಂದು, ಅಯ್ಯೋ, ಅವನ ವಕೀಲರಿಗೆ ಕೊಡಬೇಕಿದ್ದ 3,000ಕ್ಕೂ ಹೆಚ್ಚು ಪುಟ ನಮ್ಮಲ್ಲೇ ಉಳಿದುಬಿಟ್ಟಿವೆ ಅಂದಿತು. ಶಿಕ್ಷೆ ಜೂನ್ 11ಕ್ಕೆ ಮುಂದಕ್ಕೆ ಹೋಯಿತು. ಆಮೇಲೆ ಸೆಪ್ಟೆಂಬರ್ 11. ಅವಳಿ ಗೋಪುರ ಬಿದ್ದ ಮೇಲೆ ಶಂಕಿತರ ಫೋಟೋಗಳನ್ನು ಬೇರೆ ಊರಿನ ಕಚೇರಿಗಳಿಗೆ ಕಳಿಸಬೇಕು. ಕಂಪ್ಯೂಟರಿನಲ್ಲಿ ಕಳಿಸಲು ಆಗದೆ ಕೊರಿಯರ್ ಮಾಡಿದರು. ನಂಬುತ್ತೀರಾ?

ಹೊಸ ವ್ಯವಸ್ಥೆಯ ಕೆಲಸ ಅಷ್ಟರಲ್ಲಾಗಲೇ ಶುರುವಾಗಿತ್ತು. 'ಟ್ರೈಲಜಿ' ಅಂತ ಹೆಸರು, ಸುಮಾರು 38 ಕೋಟಿ ಡಾಲರ್ ಯೋಜನೆ. ಹೊಸ ಕಂಪ್ಯೂಟರ್, ಹೊಸ ನೆಟ್‌ವರ್ಕ್, ಮತ್ತು ತನಿಖೆಯ ಫೈಲುಗಳಿಗೆ ಹೊಸ ಸಾಫ್ಟ್‌ವೇರ್. ಮೂರನೆಯದು 'ವರ್ಚುವಲ್ ಕೇಸ್ ಫೈಲ್'. 2001ರ ಜೂನ್‌ನಲ್ಲಿ ಅದರ ಗುತ್ತಿಗೆ ಎಸ್‌ಎಐಸಿ ಅನ್ನುವ ದೊಡ್ಡ ಕಂಪನಿಗೆ ಹೋಯಿತು.

ಗುತ್ತಿಗೆಯಲ್ಲಿ ಏನು ಬರೆದಿತ್ತು? ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಯಾಕಂದರೆ ಕಥೆ ಇರುವುದೇ ಇಲ್ಲಿ. ಅದು ಖರ್ಚಿನ ಮೇಲೆ ನಡೆಯುವ ಗುತ್ತಿಗೆ. ಕಂಪನಿಗೆ ಎಷ್ಟು ಖರ್ಚಾಗುತ್ತದೋ ಅಷ್ಟು ಕೊಟ್ಟು, ಮೇಲೆ ಒಂದಿಷ್ಟು ಬಹುಮಾನದ ಹಣ. ಮನೆ ಕಟ್ಟಿಸುವಾಗ ಮೇಸ್ತ್ರಿಗೆ "ಎಷ್ಟು ದಿನ ಆಗುತ್ತೋ ಅಷ್ಟು ದಿನದ ಕೂಲಿ ಕೊಡ್ತೀನಿ, ಜೊತೆಗೆ ಭಕ್ಷೀಸು" ಅಂದ ಹಾಗೆ. ನಾಲ್ಕು ವರ್ಷ ಆದ ಮೇಲೆ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಗ್ಲೆನ್ ಫೈನ್ ಕೊಟ್ಟ ವರದಿಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಯಾವ ದಿನಕ್ಕೆ ಯಾವ ಕೆಲಸ ಮುಗಿಯಬೇಕು ಅನ್ನುವ ಗಡುವು ಗುತ್ತಿಗೆಯಲ್ಲಿ ಇರಲಿಲ್ಲ. ನಡುವೆ ನಿಂತು ಮುಂದೆ ಹೋಗೋಣವೋ ಬೇಡವೋ ಅಂತ ತೀರ್ಮಾನಿಸುವ ಹಂತಗಳು ಇರಲಿಲ್ಲ. ತಡವಾದರೆ ದಂಡ ಇರಲಿಲ್ಲ.

ಇನ್ನೂ ಕೆಟ್ಟದ್ದು, ಏನು ಬೇಕು ಅನ್ನುವುದೇ ಸಹಿ ಹಾಕುವಾಗ ಗೊತ್ತಿರಲಿಲ್ಲ. ಹಳೇ ವ್ಯವಸ್ಥೆಗೆ ಹೊಸ ಮುಖ ಅಂಟಿಸಿದರೆ ಸಾಕು ಅಂತ ಶುರುವಾದ ಕೆಲಸ, ಸೆಪ್ಟೆಂಬರ್ 11ರ ನಂತರ ಹಳೇದನ್ನು ಪೂರ್ತಿ ತೆಗೆದು ಹೊಸದು ಕಟ್ಟಿ ಅಂತ ಆಯಿತು. ದೇಶಕ್ಕೆ ದೇಶವೇ ಭಯದಲ್ಲಿತ್ತು. ಬೇಗ ಮುಗಿಸಿ ಅಂತ ಸಂಸತ್ತು ಇನ್ನೂ 7.8 ಕೋಟಿ ಡಾಲರ್ ಕೊಟ್ಟಿತು. ಬೇಕುಗಳ ಪಟ್ಟಿ 800 ಪುಟ ದಾಟಿತು. ಯಾವ ಗುಂಡಿ ಎಲ್ಲಿರಬೇಕು ಅನ್ನುವವರೆಗೆ ಬರೆದರು. ಏಜೆಂಟರು ಪರದೆ ನೋಡಿ ಇದು ಹೀಗಲ್ಲ, ಹಾಗಿರಬೇಕು ಅಂದರು, ಕಂಪನಿ ಮತ್ತೆ ಬರೆಯಿತು, ಬಿಲ್ಲು ಕಳಿಸಿತು. ಯಾಕೆ ಬೇಡ ಅನ್ನುತ್ತದೆ? ದಿನಗೂಲಿ ಓಡುತ್ತಿದೆಯಲ್ಲ.

ಇದನ್ನು ನೋಡಿಕೊಳ್ಳಬೇಕಾದವರು? 2001ರ ನವೆಂಬರ್‌ನಿಂದ ಮುಂದೆ ಈ ಯೋಜನೆಗೆ 5 ಮಂದಿ ಮುಖ್ಯ ಮಾಹಿತಿ ಅಧಿಕಾರಿಗಳು, 10 ಮಂದಿ ಪ್ರಾಜೆಕ್ಟ್ ಮ್ಯಾನೇಜರುಗಳು ಬಂದು ಹೋದರು. ಒಟ್ಟು 15 ಜನ. ನಮ್ಮಲ್ಲಿ ತಹಸೀಲ್ದಾರರ ವರ್ಗಾವಣೆ ಬಗ್ಗೆ ನಾವು ಬೈದುಕೊಳ್ಳುತ್ತೇವೆ.

ಹಳೇದನ್ನು ಒಂದು ರಾತ್ರಿ ಆರಿಸಿ, ಬೆಳಿಗ್ಗೆ ಹೊಸದನ್ನು ದೇಶದ ಎಲ್ಲ ಕಚೇರಿಗಳಲ್ಲೂ ಒಟ್ಟಿಗೆ ಹಚ್ಚುವುದು ಅವರ ಯೋಜನೆಯಾಗಿತ್ತು. ಮದ್ದೂರು ಇಲ್ಲ, ಪ್ರಯೋಗದ ತಾಲ್ಲೂಕು ಇಲ್ಲ. 2003ರ ಡಿಸೆಂಬರ್‌ನಲ್ಲಿ ಎಸ್‌ಎಐಸಿ ಸುಮಾರು 7 ಲಕ್ಷ ಸಾಲು ಕೋಡ್ ತಂದು ಒಪ್ಪಿಸಿತು. ಎಫ್‌ಬಿಐ ಮೊದಲು 17 ದೋಷ ಇದೆ ಅಂದಿತು. ಆಮೇಲೆ 59 ಅಂದಿತು. ಕಂಪನಿ ಅದು ನಮ್ಮ ತಪ್ಪಲ್ಲ, ನೀವೇ ಬೇಕುಗಳನ್ನು ಬದಲಾಯಿಸಿದ್ದು ಅಂದಿತು. ಜಗಳ ಮಧ್ಯಸ್ಥಗಾರರ ಮುಂದೆ ಹೋಯಿತು. ಅವರು ಹೇಳಿದ್ದು: 59ರಲ್ಲಿ 40 ಕಂಪನಿಯದು, 19 ಎಫ್‌ಬಿಐಯದೇ. ಸರಿ ಮಾಡಿಕೊಡಲು ಇನ್ನೊಂದು ವರ್ಷ, ಇನ್ನೂ 5.6 ಕೋಟಿ ಡಾಲರ್ ಕೇಳಿತು ಕಂಪನಿ. 2005ರಲ್ಲಿ ಎಫ್‌ಬಿಐ ಕೈ ತೊಳೆದುಕೊಂಡಿತು. ಸಾಫ್ಟ್‌ವೇರಿಗೆ ಹೋದದ್ದು 17 ಕೋಟಿ ಡಾಲರ್. ಒಂದು ಪ್ರಕರಣದ ಫೈಲೂ ಅದರಲ್ಲಿ ನಿಜವಾದ ಕೆಲಸಕ್ಕೆ ಬರಲಿಲ್ಲ. ಆಮೇಲೆ ಲೆಕ್ಕಪತ್ರ ತಪಾಸಣೆ ಮಾಡಿದ ಅಮೆರಿಕದ ಜಿಎಒ ಸಂಸ್ಥೆ, ಟ್ರೈಲಜಿಗೆ ಕೊಂಡ ಸಾಮಾನಿನಲ್ಲಿ 1,200ಕ್ಕೂ ಹೆಚ್ಚು ವಸ್ತುಗಳು ಎಲ್ಲಿವೆ ಅಂತಲೇ ಗೊತ್ತಿಲ್ಲ ಅಂದಿತು. ಕಳ್ಳರನ್ನು ಹುಡುಕುವ ಸಂಸ್ಥೆ!

ನಿರ್ದೇಶಕ ರಾಬರ್ಟ್ ಮುಲ್ಲರ್ 2005ರ ಫೆಬ್ರುವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಕೂತು ಹೊಣೆ ಹೊತ್ತುಕೊಂಡರು. ಗುತ್ತಿಗೆಗೆ ಸಹಿ ಹಾಕುವಾಗ ನಮಗೆ ಏನು ಬೇಕು ಅನ್ನುವ ಪೂರ್ತಿ ಪಟ್ಟಿ ನಮ್ಮ ಹತ್ತಿರ ಇರಲಿಲ್ಲ, ಇಂಥ ಕೆಲಸ ನಿಭಾಯಿಸುವ ಜನ ನಮ್ಮಲ್ಲಿ ಇರಲಿಲ್ಲ ಅನ್ನುವುದು ಅವರ ಮಾತಿನ ಸಾರ. ಇಷ್ಟನ್ನು ಬಹಿರಂಗವಾಗಿ ಒಪ್ಪಿಕೊಂಡರಲ್ಲ, ಆ ಮಟ್ಟಿಗೆ ಅವರಿಗೊಂದು ನಮಸ್ಕಾರ. ನಮ್ಮಲ್ಲಿ ಹಾಗೆ ಕೂತು ಹೇಳಿದವರನ್ನು ನಾನು ನೋಡಿಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ ವಿಷಯ. ಇದನ್ನು ಹೇಗೆ ಕೊಳ್ಳಬೇಕು ಅಂತ ಅಮೆರಿಕಕ್ಕೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಕಾನೂನಿನಲ್ಲೇ ಬರೆದಿತ್ತು! 1994ರಲ್ಲಿ ಸೆನೆಟರ್ ವಿಲಿಯಂ ಕೊಹೆನ್ ಸರ್ಕಾರ ಕಂಪ್ಯೂಟರ್ ಕೊಳ್ಳುವುದರಲ್ಲಿ ಕೋಟಿಗಟ್ಟಲೆ ಡಾಲರ್ ಹೇಗೆ ಪೋಲಾಗುತ್ತಿದೆ ಅಂತ ಒಂದು ವರದಿ ತಂದರು. ಅದರ ಫಲ 1996ರ ಕ್ಲಿಂಗರ್-ಕೊಹೆನ್ ಕಾಯ್ದೆ. ದೊಡ್ಡ ವ್ಯವಸ್ಥೆಯನ್ನು ಒಂದೇ ಗುಕ್ಕಿಗೆ ಕೊಳ್ಳಬೇಡಿ, ತುಂಡು ತುಂಡಾಗಿ ಕೊಳ್ಳಿ, ಪ್ರತಿ ತುಂಡೂ ತನ್ನಷ್ಟಕ್ಕೆ ಕೆಲಸಕ್ಕೆ ಬರುವಂತಿರಲಿ, ಸಾಧ್ಯವಾದ ಮಟ್ಟಿಗೆ 18 ತಿಂಗಳೊಳಗೆ ಕೈಗೆ ಬರಲಿ ಅನ್ನುತ್ತದೆ ಆ ಕಾನೂನು. ಪ್ರತಿ ಇಲಾಖೆಗೂ ಒಬ್ಬ ಮುಖ್ಯ ಮಾಹಿತಿ ಅಧಿಕಾರಿ ಇರಬೇಕು ಅಂತಲೂ ಹೇಳಿತು. ಟ್ರೈಲಜಿ ಗುತ್ತಿಗೆಗೆ ಸಹಿ ಬಿದ್ದದ್ದು ಈ ಕಾನೂನು ಬಂದ 5 ವರ್ಷದ ಮೇಲೆ. ಹುದ್ದೆ ಇತ್ತು, ಆದರೆ ಅದರಲ್ಲಿ ಕೂತವರು ಮೂರು ದಿನದ ನೆಂಟರು. ಆ ಕಾನೂನನ್ನು ಓದಿರಲಾರದ ನಮ್ಮ ತಾಲ್ಲೂಕು ಕಚೇರಿ ಅದು ಹೇಳಿದ್ದನ್ನೇ ಮಾಡಿತು, ಓದಿದ್ದವರು ಮಾಡಲಿಲ್ಲ.

ಎಫ್‌ಬಿಐ ಕಥೆ ಅಲ್ಲಿಗೆ ಮುಗಿಯಲಿಲ್ಲ, ಮುಂದಿನ ಭಾಗ ಇನ್ನೂ ಸ್ವಾರಸ್ಯ. 2006ರ ಮಾರ್ಚ್‌ನಲ್ಲಿ 'ಸೆಂಟಿನೆಲ್' ಅಂತ ಹೊಸ ಹೆಸರು, ಹೊಸ ಕಂಪನಿ ಲಾಕ್‌ಹೀಡ್ ಮಾರ್ಟಿನ್, 30.5 ಕೋಟಿ ಡಾಲರ್ ಗುತ್ತಿಗೆ. ಈ ಸಲ ಬುದ್ಧಿ ಬಂದಿತ್ತು, ನಾಲ್ಕು ಹಂತ ಅಂತ ಬರೆದರು. ಆದರೆ ಒಂದೊಂದು ಹಂತವೂ ಒಂದೊಂದು ಬೆಟ್ಟ. 2009ಕ್ಕೆ ಮುಗಿಯಬೇಕಿತ್ತು. 2010ರ ಆಗಸ್ಟ್ ಹೊತ್ತಿಗೆ 45.1 ಕೋಟಿ ಡಾಲರ್ ಬಜೆಟ್ಟಿನಲ್ಲಿ 40.5 ಕೋಟಿ ಖರ್ಚಾಗಿ, ನಾಲ್ಕರಲ್ಲಿ ಎರಡೇ ಹಂತ ಆಗಿತ್ತು. ಹೊರಗಿನ ತಜ್ಞರು ಲೆಕ್ಕ ಹಾಕಿ, ಇದೇ ರೀತಿ ಹೋದರೆ ಇನ್ನೂ 6 ವರ್ಷ, ಇನ್ನೂ 35 ಕೋಟಿ ಡಾಲರ್ ಅಂದರು.

ಆಗ ಎಫ್‌ಬಿಐ ಏನು ಮಾಡಿತು? ಕೆಲಸವನ್ನು ತನ್ನ ಕಟ್ಟಡದ ಒಳಕ್ಕೆ ತಂದುಕೊಂಡಿತು. ಕಂಪನಿಯ ಜನರನ್ನು ಸುಮಾರು 220ರಿಂದ 40ಕ್ಕೆ, ತನ್ನ ಜನರನ್ನು 30ರಿಂದ 12ಕ್ಕೆ ಇಳಿಸುವುದು ಅಂತ ತೀರ್ಮಾನ. ಎರಡೆರಡು ವಾರಕ್ಕೆ ಒಂದು ತುಂಡು ಕೆಲಸ, ಮುಗಿದದ್ದನ್ನು ಅಲ್ಲೇ ತೋರಿಸಬೇಕು, ಸರಿಯಿಲ್ಲದಿದ್ದರೆ ಅಲ್ಲೇ ತಿದ್ದಬೇಕು. ಅವರೂ ತಡ ಮಾಡಿದರು, ಸುಳ್ಳು ಹೇಳಬಾರದು. ಆದರೆ 2012ರ ಜುಲೈ 1ರಂದು ಸೆಂಟಿನೆಲ್ ಎಲ್ಲ ಏಜೆಂಟರ ಮೇಜಿಗೆ ಬಂತು, 45.1 ಕೋಟಿ ಡಾಲರ್ ಮಿತಿ ದಾಟದೆ. ಹನ್ನೊಂದು ವರ್ಷ ಸುತ್ತಿ, ಎರಡು ದೈತ್ಯ ಕಂಪನಿಗಳನ್ನು ಕಂಡು, ಕೊನೆಗೆ ಬಂದು ನಿಂತದ್ದು ಎಲ್ಲಿಗೆ? ನಮ್ಮ ಕಂದಾಯ ಇಲಾಖೆ ಶುರು ಮಾಡಿದ್ದಲ್ಲಿಗೆ.

ಪಹಣಿಯೂ ಎಫ್‌ಬಿಐ ಫೈಲೂ ಒಂದೇನಾ ಅಂತ ನೀವು ಕೇಳಬಹುದು. ಒಂದಲ್ಲ, ಒಪ್ಪುತ್ತೇನೆ. ಅಲ್ಲಿ ರಹಸ್ಯ ಕಾಪಾಡಬೇಕು, ಕೋರ್ಟಿನಲ್ಲಿ ನಿಲ್ಲಬೇಕು, ಕೆಲಸದ ಗೋಜಲು ದೊಡ್ಡದು. ಎಲ್ಲವನ್ನೂ ಸರ್ಕಾರವೇ ಬರೆಯಬೇಕು ಅಂತಲೂ ನಾನು ಹೇಳುತ್ತಿಲ್ಲ. ಎನ್‌ಐಸಿ ಬರೆದದ್ದರಲ್ಲೂ ಮುಗ್ಗರಿಸಿದ್ದು ಬೇಕಾದಷ್ಟಿದೆ. ಆದರೆ ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಅಂತ ಗೊತ್ತಿರಬೇಕಾದ್ದು ಎರಡು ಕಡೆಯೂ ಒಂದೇ.

ಈಗ ನಮ್ಮ ಇವತ್ತಿನ ಪರಿಸ್ಥಿತಿಗೆ ಬನ್ನಿ. ನಮ್ಮಲ್ಲಿ 1999ರ ಪಾರದರ್ಶಕ ಕಾಯ್ದೆ ಇದೆ, ಸರ್ಕಾರ ಏನು ಕೊಂಡರೂ ಟೆಂಡರ್ ಕರೆಯಬೇಕು. ಒಳ್ಳೆಯ ಕಾನೂನು. ಅದಕ್ಕೊಂದು ಕಿಂಡಿಯೂ ಇದೆ, 4(ಜಿ) ವಿನಾಯಿತಿ. ನಮ್ಮ ಚಾನೆಲ್ ನೋಡುವವರಿಗೆ ಇದು ಮೊಬೈಲಿನ 4ಜಿ ಅಲ್ಲ ಅಂತ ಹೇಳಬೇಕಾಗಿಲ್ಲ. ಯಾವ ಸರ್ಕಾರ ಬಂದರೂ ವಿರೋಧ ಪಕ್ಷ ಈ 4(ಜಿ) ಹಿಡಿದುಕೊಂಡು ಸದನದ ಬಾವಿಗಿಳಿಯುತ್ತದೆ, ತಾನೇ ಅಧಿಕಾರಕ್ಕೆ ಬಂದ ಮೇಲೆ ಅದೇ ಕಿಂಡಿಯಲ್ಲಿ ತೂರುತ್ತದೆ. ನಾವೂ ಅಷ್ಟಕ್ಕೇ ಸೀಮಿತ. ಟೆಂಡರ್ ಕರೆದರಾ ಇಲ್ಲವಾ, ಯಾರಿಗೆ ಸಿಕ್ಕಿತು, ಅವರು ಯಾರ ಕಡೆಯವರು. ಟೆಂಡರಿನ ಒಳಗೆ ಏನಿದೆ ಅಂತ ನಾನಂತೂ ಬಹಳ ವರ್ಷ ಓದಿಯೇ ಇರಲಿಲ್ಲ.

ಓದಿದರೆ ಗೊತ್ತಾಗುತ್ತದೆ. ಅಮೆರಿಕದ ಕಾಯಿಲೆ ಖರ್ಚಿನ ಮೇಲಿನ ಗುತ್ತಿಗೆ ಆದರೆ ನಮ್ಮ ಕಾಯಿಲೆ ಎಲ್-1, ಕಡಿಮೆ ದರ ಹೇಳಿದವನಿಗೆ ಕೆಲಸ. ರಸ್ತೆಗೆ ಜಲ್ಲಿ ಹಾಕಲು ಇದು ಸರಿ ಇರಬಹುದು, ಜಲ್ಲಿ ಎಲ್ಲಿದ್ದರೂ ಜಲ್ಲಿ. ಸಾಫ್ಟ್‌ವೇರಿನಲ್ಲಿ ಕಡಿಮೆ ದರ ಹೇಳಿ ಒಳಗೆ ಬಂದವನು ಆಮೇಲೆ "ಇದು ಟೆಂಡರಿನಲ್ಲಿ ಇರಲಿಲ್ಲ ಸಾರ್" ಅನ್ನಲು ಶುರು ಮಾಡುತ್ತಾನೆ. ಒಂದೊಂದು ಬದಲಾವಣೆಗೂ ಒಂದೊಂದು ಬಿಲ್ಲು. ಕಚೇರಿಗಳಲ್ಲಿ ಇದಕ್ಕೆ 'ಸಿಆರ್' ಅನ್ನುತ್ತಾರೆ, ಚೇಂಜ್ ರಿಕ್ವೆಸ್ಟ್. ಐದು ವರ್ಷ ಆದ ಮೇಲೆ ಗುತ್ತಿಗೆ ಮುಗಿಯುತ್ತದೆ. ಕೋಡ್ ಯಾರ ಹತ್ತಿರ ಇದೆ? ಡೇಟಾ ಯಾರ ಸರ್ವರಿನಲ್ಲಿದೆ? ಹೊಸಬರು ಬಂದರೆ ಅವರಿಗೆ ಇದೆಲ್ಲ ವಹಿಸಿಕೊಡುವವರು ಯಾರು? ಮೊದಲೇ ಬರೆದಿರದಿದ್ದರೆ ಹಳೇ ಗುತ್ತಿಗೆಯನ್ನೇ ವರ್ಷ ವರ್ಷ ಮುಂದುವರಿಸಬೇಕು. ಪುಸ್ತಕ ಮತ್ತೆ ಒಬ್ಬರ ಕಂಕುಳಿಗೆ ಹೋಯಿತು ನೋಡಿ, ಈ ಸಲ ಗ್ರಾಮ ಲೆಕ್ಕಿಗರ ಕಂಕುಳಿಗಲ್ಲ.

ಬೆಲೆಯ ಜೊತೆ ಗುಣಮಟ್ಟಕ್ಕೂ ಅಂಕ ಕೊಟ್ಟು ಆಯ್ಕೆ ಮಾಡುವುದಕ್ಕೆ ಕೇಂದ್ರದ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ದಾರಿ ಇನ್ನಷ್ಟು ಅಗಲ ಮಾಡಿತು. ಆಗಬೇಕಾದ್ದೇ. ಆದರೆ ಅಂಕ ಹಾಕುವವರಿಗೆ ಎದುರಿಗಿರುವುದು ಚಿನ್ನವೋ ಹಿತ್ತಾಳೆಯೋ ಗೊತ್ತಾಗದಿದ್ದರೆ ಅಂಕಪಟ್ಟಿಯಿಂದ ಏನು ಪ್ರಯೋಜನ? ಟೆಂಡರನ್ನೇ ಕನ್ಸಲ್ಟೆಂಟ್ ಬರೆಯುತ್ತಾನೆ, ಬಂದ ಬಿಡ್ ಅಳೆಯಲು ಇನ್ನೊಬ್ಬ ಕನ್ಸಲ್ಟೆಂಟ್, ಕೆಲಸ ಆಗುತ್ತಿದೆಯಾ ಅಂತ ನೋಡಲು ಮತ್ತೊಬ್ಬ. ಅಧಿಕಾರಿ ಸಹಿ ಹಾಕಿ ವರ್ಗಾವಣೆ ಆಗುತ್ತಾರೆ.

ಈ ಕಥೆಗಳನ್ನು ಓದಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾವುದಾದರೂ ಇಲಾಖೆ ನೂರಾರು ಕೋಟಿಯ ಹೊಸ ತಂತ್ರಾಂಶ ಅಂತ ಪತ್ರಿಕಾಗೋಷ್ಠಿ ಕರೆದರೆ ಯಾರಿಗೆ ಕೊಟ್ಟಿರಿ ಅಂತ ಕೇಳುವುದನ್ನು ಬಿಟ್ಟು ಬೇರೆ ಮೂರು ಕೇಳುತ್ತೇನೆ. ಮೊದಲ ತುಂಡು ಯಾವ ತಾಲ್ಲೂಕಿನಲ್ಲಿ, ಯಾವ ತಿಂಗಳು ಓಡುತ್ತದೆ? ಅದು ಓಡದಿದ್ದರೆ ದುಡ್ಡು ನಿಲ್ಲುತ್ತದಾ? ಕೋಡ್ ತೆರೆದು ಓದಬಲ್ಲವರು ನಿಮ್ಮ ಇಲಾಖೆಯಲ್ಲಿ ಎಷ್ಟು ಜನ ಇದ್ದಾರೆ?

ಈಚೆಗೆ ಹೀಗೆ ಕೇಳಿದಾಗ ವೇದಿಕೆ ಮೇಲಿದ್ದ ಅಧಿಕಾರಿಯೊಬ್ಬರು ಪಕ್ಕದವರ ಮುಖ ನೋಡಿದರು, ಪಕ್ಕದವರು ಅವರ ಪಕ್ಕದವರ ಮುಖ ನೋಡಿದರು. ಆಮೇಲೆ ಮೈಕ್ ಹತ್ತಿರ ಎಳೆದುಕೊಂಡು ಹೇಳಿದರು: "ಅದನ್ನು ನೀವು ವೆಂಡರ್‌ನೇ ಕೇಳಬೇಕಾಗುತ್ತೆ ಸಾರ್."